ಕೆಂಪು ಗೆರೆ ನಿಂತ ಜಾಗ

ಜೂನ್ 4

ಪರದೇಶವಾಸಿನಿಯೂ ತಲೆಮರೆಸಿಕೊಂಡ ಸಾಕ್ಷಿಯೂ ಆದ ಅಕ್ಕನ ಸನ್ನಿಧಾನಕ್ಕೆ,

ಪ್ರಯಾಣಿಕರ ಗಮನಕ್ಕೆ. ನಮ್ಮ ಮನೆಯಿಂದ ಹೊರಟ ಸುದ್ದಿಯೊಂದು ಈಗ ನಿನ್ನ ಅಂಕಣಕ್ಕೆ ಬಂದು ನಿಂತಿದೆ. ದಯವಿಟ್ಟು ಕೂತು ಓದುವುದು. ಬಸ್ ನಿಲ್ದಾಣದ ಮೈಕಿನ ಮುಂದೆ ಎರಡು ವರ್ಷ ಬಸ್ಸುಗಳನ್ನು ಕೂಗಿದವಳ ಕೈಯಿಂದ ಇನ್ನೆಂಥ ಕಾಗದ ಬಂದೀತು ಹೇಳು.

ಸುದ್ದಿ ಏನೆಂದರೆ, ನಮ್ಮ ಅಪ್ಪ ನಟರಾದರು.

ನಗಬೇಡ. ಹಳೇ ಕೋರ್ಟಿನ ಖಾಲಿ ಕಟ್ಟಡವನ್ನು ಧಾರಾವಾಹಿಯವರು ಹಿಡಿದಿದ್ದಾರೆ. ಅಪ್ಪ ನಿವೃತ್ತರಾದ ಮೇಲೂ ಅವರ ಕಾಲು ದಿನಾ ಆ ಕಡೆಗೇ ಹೋಗುತ್ತದೆಂದು ನಿನಗೆ ಗೊತ್ತು. ಅಲ್ಲಿ ಜವಾನನ ಪಾತ್ರಕ್ಕೆ ಕರೆತಂದವನು ಸಾಕ್ಷಿಯ ಹೆಸರನ್ನು ತರಕಾರಿ ಮಾರುವವನ ಹಾಗೆ ಕೂಗುತ್ತಿದ್ದನಂತೆ. ಮೂವತ್ತೊಂದು ವರ್ಷ ಅದೇ ಬಾಗಿಲಲ್ಲಿ ನಿಂತು ಹೆಸರು ಕೂಗಿದ ಮನುಷ್ಯನಿಗೆ ಹೇಗೆ ತಡೆದೀತು? ಹಗ್ಗದ ಆಚೆಯಿಂದಲೇ ಶುರು ಮಾಡಿದರಂತೆ:

"ಸ್ವಾಮಿ, ಹಂಗಲ್ಲ ಅದು. ಮೂರು ಸಲ ಕೂಗ್ಬೇಕು. ಮೊದಲನೇದು ಬಾಗಿಲಲ್ಲಿ ಇರೋರಿಗೆ. ಎರಡನೇದು ಮೆಟ್ಟಿಲ ಮೇಲೆ ಇರೋರಿಗೆ. ಮೂರನೇದು ಬರಬಾರದು ಅಂತ ಇರೋರಿಗೆ."

ನಿರ್ದೇಶಕರು "ನೀವೇ ಕೂಗಿ ತೋರಿಸಿ ಯಜಮಾನ್ರೇ" ಅಂದರು. ಅಪ್ಪ ಕೂಗಿದರು. ತರಕಾರಿಯವನು ಮನೆಗೆ ಹೋದ.

ಈಗ ವಾರಕ್ಕೆರಡು ದಿನ ಅಪ್ಪನಿಗೆ ಬಿಳಿ ಸಮವಸ್ತ್ರ, ಕೆಂಪು ಪಟ್ಟಿ. ಮುಖ್ಯ ಸಾಕ್ಷಿಗಳ ಹೆಸರನ್ನು ಮಾತ್ರ ಧಾರಾವಾಹಿಯವರು ಬರೆದುಕೊಡುತ್ತಾರೆ. ನಾಯಕಿ ಅಳುವಾಗ, ವಕೀಲರು ಗುಸುಗುಸು ಅನ್ನುವಾಗ, ಹಿಂದುಗಡೆ ಬೇರೆ ಬೇರೆ ಮೊಕದ್ದಮೆಯ ಹೆಸರುಗಳು ಕೇಳುತ್ತಿರಬೇಕಲ್ಲ, ಅವಕ್ಕೆ "ಯಾವುದಾದ್ರೂ ಕೂಗಿ, ಯಾರು ಕೇಳಿಸ್ಕೋತಾರೆ" ಅಂದಿದ್ದಾರೆ. ಅಪ್ಪ ನಮ್ಮ ಬೀದಿಯನ್ನೆಲ್ಲ ಕಟಕಟೆಗೆ ಕರೆಯುತ್ತಿದ್ದಾರೆ. ಹಾಲಿನವನು ತನ್ನ ಹೆಸರು ಟಿವಿಯಲ್ಲಿ ಬಂತೆಂದು ಎರಡು ದಿನ ಹಾಲಿಗೆ ನೀರು ಹಾಕಲಿಲ್ಲ. ನನ್ನನ್ನೂ ಕರೀರಿ ಅಂದೆ. ತಾವೇ ಇಟ್ಟ ಅಡ್ಡಹೆಸರು ಹಿಡಿದು, "ಭೋಂಪು ಅಂತ ಯಾವ ಸಾಕ್ಷಿ ಇರ್ತಾಳೆ" ಅಂದರು.

ಈ ಕಾಗದದ ಗುಟ್ಟಿನ ಭಾಗ ಇಲ್ಲಿಂದ. ಕೆಳಗೆ ಚಾನೆಲ್ಲಿನ ಆ್ಯಪ್‌ನ ಗುರುತುಸಂಖ್ಯೆ ಮತ್ತು ಪಾಸ್‌ವರ್ಡ್ ಬರೆದಿದ್ದೇನೆ. ಖಾತೆ ಅಪ್ಪನ ಹೆಸರಿನದು, ಉಪಯೋಗ ನನ್ನದು. ಅವರು ರಾತ್ರಿ ಎಂಟಕ್ಕೆ ಚಾನೆಲ್ಲಿನಲ್ಲೇ ನೋಡುತ್ತಾರೆ, ಆ್ಯಪ್ ತೆರೆಯುವುದಿಲ್ಲ. ನೀನು ನೋಡು. ಅವರಿಗೆ ಗೊತ್ತಾಗುವುದು ಬೇಡ.

ಈ ಮನೆಯಲ್ಲಿ ನಿನ್ನ ಹೆಸರು ಇನ್ನೂ ಬಂದಿಲ್ಲ. ಆರು ತಿಂಗಳ ತರಬೇತಿ ಎಂದು ಹೇಳಿ ಹೋದವಳ ಮೂರು ವರ್ಷದ ಒಪ್ಪಂದ ಮೇಜಿನ ಖಾನೆಯಲ್ಲಿ ಸಿಕ್ಕ ದಿನ ಅವರು ಹೇಳಿದ್ದನ್ನು ನಿನಗೆ ಬರೆದಿದ್ದೆ: "ಮೂರು ಸಲ ಕೂಗಾಯ್ತು. ಗೈರುಹಾಜರು ಅಂತ ಬರೆದಾಯ್ತು." ಆಮೇಲೆ ತೀರ್ಪು ಬದಲಾಗಿಲ್ಲ. ಫೋನ್ ಮಾಡಬೇಡ, ಎರಡು ಕೋಣೆಯ ಮನೆ, ಅವರ ಕಿವಿ ಕೋರ್ಟಿನಲ್ಲಿ ಪಳಗಿದ ಕಿವಿ. ಕಾಗದವೇ ಕ್ಷೇಮ.

ಇಂತಿ ನಿನ್ನ ವಿಧೇಯ ಗೂಢಚಾರಿಣಿ,
ಭೋಂಪು


ಜೂನ್ 11

ಭೋಂಪು,

ಅಪ್ಪನಿಗೆ ಕೆಂಪು ಪಟ್ಟಿ ಚೆನ್ನಾಗಿಯೇ ಇರುತ್ತದೆ. ಆದರೆ ನೋಡಿದ್ದರೆ ತಾನೆ ಹೇಳುವುದು.

ಆಸ್ಪತ್ರೆಯ ಹಿಂದೆಯೇ ಇರುವ ನಮ್ಮ ಹಾಸ್ಟೆಲ್ಲಿನ ನಡುಕೋಣೆಯಲ್ಲಿ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಐದು ಜನ ಹೆಂಗಸರು ನೆಲದ ಮೇಲೆ ಕೂತು ಕಾದೆವು. ಎಲ್ಲರೂ ನಮ್ಮ ಕಡೆಯವರೇ. ನನ್ನ ಅಪ್ಪ ಟಿವಿಯಲ್ಲಿ ಬರುತ್ತಾರೆ ಎಂದು ಒಬ್ಬಳಿಗೆ ಹೇಳಿದ್ದು ಮಹಡಿಗೆಲ್ಲ ಹಬ್ಬಿತ್ತು. ಕಂತಿನ ಚಿತ್ರ ಒತ್ತಿದೆ. ಕಪ್ಪು ಪರದೆ, ನಡುವೆ ಒಂದು ಸಾಲು: "ಕ್ಷಮಿಸಿ, ಈ ಕಾರ್ಯಕ್ರಮ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ." ಅಡುಗೆಮನೆಯವಳು "ನಮ್ಮಪ್ಪ ನಮಗೇ ಲಭ್ಯವಿಲ್ವಂತೆ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇದಕ್ಕೆ ದಾರಿಯಿದೆಯಂತೆ. ಇಲ್ಲಿ ಎಲ್ಲರೂ ಅದನ್ನೇ ಮಾಡುವುದು. ವಿಪಿಎನ್ ಅಂತ ಒಂದಿದೆ, ನಾವು ಊರಿನಲ್ಲೇ ಕೂತಿದ್ದೇವೆಂದು ನಮ್ಮ ಪರವಾಗಿ ಅದು ಸುಳ್ಳು ಹೇಳುತ್ತದೆ. ಸುಳ್ಳು ಹೇಳುವುದರಲ್ಲಿ ನನಗೆ ಮೊದಲೇ ಹೆಸರಿದೆ. ಹಾಕಿದೆ. ಊರೊಳಕ್ಕೆ ಬಿಟ್ಟಿತು. ಆದರೆ ಹೊಸ ಯಂತ್ರ ಎಂದು ಅನುಮಾನ ಬಂದು ಆರು ಅಂಕಿಯ ಕೋಡ್ ಕೇಳಿತು. ಅದು ಹೋಗುವುದು ಅಪ್ಪನ ಫೋನಿಗೆ. ಹತ್ತು ನಿಮಿಷ ಆಯಸ್ಸು. ನೋಡುತ್ತ ಕೂತೆ, ಹತ್ತು ನಿಮಿಷ ಮುಗಿಯಿತು.

ನನಗೆ ಬಿಡುವು ಸಿಗುವುದು ಮಧ್ಯಾಹ್ನದ ಊಟಕ್ಕೆ. ಆಗ ನಿಮಗೆ ಸಂಜೆ. ಉಳಿದ ಹೊತ್ತೆಲ್ಲ ನಾನು ಜನರನ್ನು ನಡೆಸುತ್ತಿರುತ್ತೇನೆ. ಪಾರ್ಶ್ವವಾಯು ಬಡಿದವರು, ಬಿದ್ದು ಸೊಂಟ ಮುರಿದವರು, ದಿನಕ್ಕೆ ಹದಿನಾಲ್ಕು ಮಂದಿ. ಸೊಂಟಕ್ಕೆ ಪಟ್ಟಿ ಕಟ್ಟಿ, ಹಿಂದೆ ಹಿಡಿದುಕೊಂಡು, ಪಡಸಾಲೆಯ ಈ ತುದಿಯಿಂದ ಆ ತುದಿ. ಜೇಬಿನಲ್ಲಿ ಫೋನ್ ಇಟ್ಟುಕೊಳ್ಳುವಂತಿಲ್ಲ.

ಕೋಡ್ ಕದಿಯಲು ಆಗುತ್ತದಾ? ಆಗದಿದ್ದರೆ ಬಿಡು.

ಅಕ್ಕ


ಜೂನ್ 18

ಅತ್ಯಂತ ಗೋಪ್ಯ. ಓದಿದ ತಕ್ಷಣ ನುಂಗಿಬಿಡುವುದು.

ಗುಪ್ತಚರ ಇಲಾಖೆಯ ವರದಿ. ಸೋಮವಾರ ಸಂಜೆ ಆರೂ ಇಪ್ಪತ್ತು. ಗುರಿ, ಅರ್ಥಾತ್ ಅಪ್ಪ, ಶೂಟಿಂಗಿನಿಂದ ಬಂದ ಅಂಗಿಯಲ್ಲೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಫೋನು ಅಂಗಿಯ ಮೇಲ್ಜೇಬಿನಲ್ಲಿ. ನಾನು ಹತ್ತಿಯಂಥ ಬೆರಳುಗಳಿಂದ ಅದನ್ನು ಅರ್ಧ ಎತ್ತುವಷ್ಟರಲ್ಲಿ ಕಣ್ಣು ಬಿಟ್ಟರು.

"ಏನೇ?"

"ಅಪ್ಪಾ, ಜೇಬಲ್ಲಿ ಇರುವೆ."

"ಎಷ್ಟಿದೆ?"

"ಒಂದೇ ಇತ್ತು. ಹೋಯ್ತು."

ಕಣ್ಣು ಮುಚ್ಚಿದರು. ಕೋಡು ನಿನಗೆ ಕಳಿಸಿದೆ, ಸಂದೇಶ ಅಳಿಸಿದೆ, ಫೋನನ್ನು ಜೇಬಿಗೆ ಸೇರಿಸಿದೆ. ಒಂದು ಕುರುಹೂ ಉಳಿದಿಲ್ಲ. ಇಡೀ ಕಾರ್ಯಾಚರಣೆ ನಾಲ್ಕು ನಿಮಿಷ.

ಬುಧವಾರ ನೀನು ಮತ್ತೆ ಕೇಳಿದಾಗ ಇನ್ನೂ ಸಲೀಸು. ಗುರಿಯು ಈ ವಾರದಿಂದ ಸಂಜೆ ಸ್ನಾನ ಶುರು ಮಾಡಿದೆ. ಜೀವಮಾನವೆಲ್ಲ ಬೆಳಗಾಗುವ ಮೊದಲೇ ತಣ್ಣೀರು ಸುರಿದುಕೊಂಡವರು. ಏನಪ್ಪಾ ಇದು ಅಂದರೆ, "ಮುಖಕ್ಕೆ ಬಣ್ಣ ಹಾಕ್ತಾರೆ, ತೊಳೀಬೇಡ್ವಾ" ಅಂದರು. ಫೋನನ್ನು ಫ್ರಿಜ್ಜಿನ ಮೇಲಿಟ್ಟು ಒಳಗೆ ಹೋದರೆ ಹೊರಗೆ ಬರಲು ಇಪ್ಪತ್ತು ನಿಮಿಷ. ವಿಧಿ ನಮ್ಮ ಪಕ್ಷದಲ್ಲಿದೆ.

ನೋಡಿದೆಯಾ? ಹೇಗಿದ್ದಾರೆ? ಬೇಗ ಬರಿ, ಪ್ರಶಂಸಾಪತ್ರದ ನಿರೀಕ್ಷೆಯಲ್ಲಿ ಇಲಾಖೆ ಊಟ ಬಿಟ್ಟಿದೆ.

ಭೋಂಪು


ಜೂನ್ 19

ಭೋಂಪು,

ನೋಡಿದೆ. ಮೂವತ್ತೆಂಟು ಸೆಕೆಂಡು ಬರುತ್ತಾರೆ. ಬಾಗಿಲಿನಿಂದ ಹೊರಟು, ಉದ್ದನೆಯ ಪಡಸಾಲೆ ದಾಟಿ, ಹೆಸರು ಕೂಗಿ, ತಿರುಗಿ ಹೋಗುತ್ತಾರೆ. ಹನ್ನೊಂದು ಸಲ ನೋಡಿದೆ.

ಈಗ ತಮಾಷೆ ಸ್ವಲ್ಪ ಪಕ್ಕಕ್ಕಿಡು. ಎಡಗೈಯಲ್ಲಿ ಫೈಲು ಇರುತ್ತದೆ, ಸರಿ. ಬಲಗೈ ಖಾಲಿ. ಖಾಲಿ ಕೈ ನಡೆಯುವಾಗ ಹಿಂದೆ ಮುಂದೆ ಬೀಸಬೇಕು. ಅಪ್ಪನ ಕೈ ಬೀಸುವುದಿಲ್ಲ. ಸೊಂಟದ ಪಕ್ಕದಲ್ಲಿ ಹೊಲಿದ ಹಾಗೆ ನಿಂತಿರುತ್ತದೆ. ತಿರುಗುವಾಗ ಒಂದೇ ಸಲಕ್ಕೆ ತಿರುಗುವುದಿಲ್ಲ, ಚಿಕ್ಕ ಚಿಕ್ಕದಾಗಿ ಐದು ಹೆಜ್ಜೆ ಹಾಕುತ್ತಾರೆ. ಇಂಥ ನಡಿಗೆಯ ಇಬ್ಬರನ್ನು ನಾನು ದಿನಾ ನಡೆಸುತ್ತೇನೆ. ಅವರಿಬ್ಬರೂ ಚಿಕಿತ್ಸೆಗೆ ತಡವಾಗಿ ಬಂದವರು.

ನಾನು ಡಾಕ್ಟರಲ್ಲ. ತಪ್ಪಿರಬಹುದು. ತಪ್ಪಿದ್ದರೆ ನೀನು ಜನ್ಮವಿಡೀ ನನ್ನನ್ನು ಆಡಿಕೊಳ್ಳಬಹುದು. ಈಗ ಮಾತ್ರ ಇಷ್ಟು ನೋಡಿ ಬರಿ. ಅಕ್ಷರ ಮೊದಲಿಗಿಂತ ಚಿಕ್ಕದಾಗಿದೆಯಾ? ಗುಂಡಿ ಹಾಕಿಕೊಳ್ಳಲು ತಡವಾಗುತ್ತದಾ? ದನಿ ಇಳಿದಿದೆಯಾ? ಅವರು ನಡೆಯುವುದನ್ನು ಫೋನಿನಲ್ಲಿ ಹಿಡಿದು ಕಳಿಸು.

ಅವರಿಗೆ ಏನೂ ಹೇಳಬೇಡ.

ಅಕ್ಕ


ಜೂನ್ 22

ಅಕ್ಕಾ,

ನಿನ್ನ ಕಾಗದ ಓದಿ ನಕ್ಕೆ. ಟಿವಿ ನೋಡಿ ರೋಗ ಹಿಡಿಯುವವರು ಇರುತ್ತಾರೆ, ಟಿವಿ ನೋಡಿ ರೋಗ ಕಂಡುಹಿಡಿಯುವವಳು ನೀನೊಬ್ಬಳೇ ಎಂದು ಬರೆಯಲು ಕೂತಿದ್ದೆ. ಬರೆಯುವ ಮೊದಲು ಒಂದು ಸಲ ನೋಡಿಬಿಡೋಣ ಅನ್ನಿಸಿತು.

ಅಪ್ಪ ದಿನಾ ತುಂಬಿಸುವ ಪದಬಂಧದ ಹಳೆಯ ಕಟ್ಟು ತೆಗೆದೆ. ಎರಡು ವರ್ಷದ ಹಿಂದೆ ಚೌಕದ ತುಂಬ ಅಕ್ಷರ. ಈ ತಿಂಗಳದ್ದರಲ್ಲಿ ಪ್ರತಿ ಚೌಕದ ಮೂಲೆಯಲ್ಲಿ ಅಕ್ಷರ ಇರುವೆಯ ಹಾಗೆ ಕೂತಿದೆ. ನಾನು ಜೇಬಿನಲ್ಲಿದೆ ಅಂದ ಇರುವೆ.

ದನಿ. ನನ್ನ ಕಸುಬೇ ಅದು, ನನಗೇ ಗೊತ್ತಾಗಲಿಲ್ಲ. ಈಚೆಗೆ ಅಪ್ಪ ಮಾತಾಡುವಾಗ ನಾನು ಟಿವಿಯ ಸದ್ದು ತಗ್ಗಿಸುತ್ತೇನೆ. ಟಿವಿಯದೇ ಜೋರಾಯಿತು ಎಂದುಕೊಂಡಿದ್ದೆ. ಶೂಟಿಂಗಿನಲ್ಲೂ ಮೈಕನ್ನು ಅವರ ಹತ್ತಿರಕ್ಕೆ ತಂದಿದ್ದಾರಂತೆ.

ಗುಂಡಿ. ಎರಡು ತಿಂಗಳಿಂದ ಅಪ್ಪ ಮನೆಯಲ್ಲಿ ತಲೆ ಮೇಲಿಂದ ಹಾಕಿಕೊಳ್ಳುವ ಬನೀನು, ಟೀ ಶರ್ಟೇ ಹಾಕುವುದು. ನಾನು "ನಟರಿಗೆ ಹೊಸ ಫ್ಯಾಷನ್ನು" ಎಂದು ಬೀದಿಗೆಲ್ಲ ಕೇಳುವ ಹಾಗೆ ಗೇಲಿ ಮಾಡಿದ್ದೆ. ಅವರೂ ನಕ್ಕಿದ್ದರು. ಹೊರಗೆ ಹೋಗುವಾಗಿನ ಅಂಗಿಗಳಿಗೆ ಎಲ್ಲ ಗುಂಡಿ ಹಾಕಿಯೇ ನೇತುಹಾಕಿದ್ದಾರೆ. ಬಿಚ್ಚುವುದೂ ಇಲ್ಲ, ಹಾಕುವುದೂ ಇಲ್ಲ, ಹಾಗೇ ತಲೆಯಿಂದ ಇಳಿಸಿಕೊಳ್ಳುತ್ತಾರೆ. ಅಂದರೆ ಅವರಿಗೆ ಗೊತ್ತಿದೆ, ಅಕ್ಕಾ.

ನಡಿಗೆ ಹಿಡಿದೆ. ಕಳಿಸಲು ಏನೂ ಇಲ್ಲ. ನಮ್ಮ ಮನೆಯಲ್ಲಿ ಹತ್ತು ಹೆಜ್ಜೆಗೆ ಗೋಡೆ ಬರುತ್ತದೆ. ಬೀದಿಯಲ್ಲಿ ಹಿಡಿಯಲು ಹೋದರೆ ಫೋನು ಕಂಡ ಕೂಡಲೇ ಬಲಗೈ ಜೇಬಿಗೆ ಹೋಯಿತು.

ನಿನ್ನ ಹೆಸರೆತ್ತದೆ, ಡಾಕ್ಟರ ಹತ್ತಿರ ಹೋಗೋಣ ಅಂದೆ. "ಕೈ ನಂದು, ನಂಗೆ ಗೊತ್ತು. ಶೂಟಿಂಗ್ ಇದೆ" ಅಂದರು. ಮತ್ತೆ ಅಂದೆ. "ಯಾವ ಆಧಾರದ ಮೇಲೆ?" ಅಂದರು. ನನ್ನ ಹತ್ತಿರ ಇದ್ದ ಆಧಾರ ನೀನು.

ತಂಗಿ


ಜೂನ್ 26

ಭೋಂಪು,

ಆಧಾರ ತರುತ್ತೇನೆ. ಸರಿಯಾಗಿ ಓದಿಕೋ.

ನಮ್ಮಲ್ಲಿಗೆ ಗುರುವಾರಕ್ಕೊಮ್ಮೆ ನರರೋಗದ ಡಾಕ್ಟರು ಬರುತ್ತಾರೆ. ಕೇಳಿದೆ. "ಧಾರಾವಾಹಿ ನೋಡಿ ನಾನು ಕಾಯಿಲೆ ಹೇಳಲಾರೆ" ಅಂದರು. ಮತ್ತೆ ಕೇಳಿದೆ. "ತಡಮಾಡದೆ ತೋರಿಸಬೇಕೋ ಬೇಡವೋ ಅಷ್ಟು ಹೇಳುತ್ತೇನೆ, ಐದು ನಿಮಿಷ" ಅಂದರು. ಅವರು ಹೇಳಿದ್ದನ್ನು ಬರೆಸಿಕೊಂಡು ಕಳಿಸುತ್ತೇನೆ. ಅಪ್ಪ ಬರಹ ನಂಬುತ್ತಾರೆ.

ಮೊನ್ನೆಯ ಕಂತಿನಲ್ಲಿ ಕ್ಯಾಮೆರಾ ಪಡಸಾಲೆಯುದ್ದಕ್ಕೂ ಅವರ ಹಿಂದೆಯೇ ಹೋಗುತ್ತದೆ ಎಂದು ಅಡುಗೆಮನೆಯವಳ ಅತ್ತಿಗೆ ಊರಿನಿಂದ ಹೇಳಿದಳಂತೆ. ನನಗೆ ಅದೇ ಬೇಕು. ಆದರೆ ಸೋಮವಾರದಿಂದ ಚಾನೆಲ್ಲಿನವರು ವಿಪಿಎನ್‌ಗಳನ್ನು ಒಂದೊಂದಾಗಿ ಹಿಡಿದು ಹೊರಗೆ ಹಾಕುತ್ತಿದ್ದಾರೆ. ನಾನು ಬೇರೆ ಬೇರೆ ಬಾಗಿಲು ತಟ್ಟುತ್ತಿದ್ದೇನೆ. ಬಾಗಿಲು ಬದಲಾದಾಗಲೆಲ್ಲ ಹೊಸ ಕೋಡ್.

ಗುರುವಾರ ನನ್ನ ಊಟದ ಹೊತ್ತು. ನಿಮ್ಮಲ್ಲಿ ಸಂಜೆ ಆರೂವರೆ. ಡಾಕ್ಟರು ನನ್ನ ಪಕ್ಕದಲ್ಲೇ ನಿಂತಿರುತ್ತಾರೆ. ಕೋಡ್ ಬಂದ ಹತ್ತು ನಿಮಿಷದೊಳಗೆ ನನಗೆ ಸಿಗಬೇಕು. ಅದರ ಮರುದಿನದಿಂದ ಡಾಕ್ಟರಿಗೆ ಒಂದು ತಿಂಗಳ ರಜೆ.

ಸ್ನಾನದ ಹೊತ್ತು ತಪ್ಪದ ಹಾಗೆ ನೋಡಿಕೋ.

ಅಕ್ಕ


ಜುಲೈ 6

ಅಕ್ಕಾ,

ನಾಲ್ಕು ದಿನ ಬರೆಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಗುರುವಾರ ಸಂಜೆ ಪಾಳಿಯವಳು ಬರಲಿಲ್ಲ. ನನ್ನನ್ನು ಮೈಕಿನ ಗೂಡಿನಿಂದ ಬಿಡಲಿಲ್ಲ. ಅಪ್ಪ ಮನೆಯಲ್ಲಿ, ಫೋನು ಫ್ರಿಜ್ಜಿನ ಮೇಲೆ, ನಾನು ಇಲ್ಲಿ. ಆರಕ್ಕೆ ಅಪ್ಪನಿಗೆ ಫೋನ್ ಮಾಡಿ, ತಲೆ ಸುತ್ತುತ್ತಿದೆ, ಬನ್ನಿ ಅಂದೆ. ಬಂದೇ ಬಿಟ್ಟರು. ಬಸ್ಸುಗಳ ನಡುವೆ, ಜನ ಸರಿಸಿಕೊಂಡು, ಆ ಅಲ್ಲಾಡದ ಕೈಯನ್ನು ಪಕ್ಕಕ್ಕೆ ಇಟ್ಟುಕೊಂಡು ಅವಸರವಾಗಿ ಬಂದರು. ಗಾಜಿನಿಂದ ನೋಡುತ್ತಿದ್ದೆ. ನಿನ್ನ ಡಾಕ್ಟರಿಗೆ ತೋರಿಸಬೇಕಾದ ನಡಿಗೆ ಅದು. ನನ್ನ ಫೋನು ಕೈಯಲ್ಲೇ ಇತ್ತು, ಹಿಡಿಯುವುದು ಹೊಳೆಯಲೇ ಇಲ್ಲ. ಸುಳ್ಳು ಹೇಳಿ ಓಡಿಸಿಕೊಂಡು ಬಂದೆನಲ್ಲ ಎಂಬುದೊಂದೇ ಹೊಳೆದದ್ದು.

ಕುರ್ಚಿ ಕೊಟ್ಟೆ. ನೀರು ಕೊಟ್ಟೆ. ಆರೂ ಮೂವತ್ತೆರಡು. "ಅಪ್ಪಾ, ನಿಮ್ಮ ಫೋನ್ ಸ್ವಲ್ಪ ಕೊಡಿ" ಅನ್ನುವಷ್ಟರಲ್ಲಿ ಅದು ಅವರ ಜೇಬಿನಲ್ಲೇ ಸದ್ದು ಮಾಡಿತು. ತೆಗೆದರು. ದೂರ ಹಿಡಿದು ಓದಿದರು. ನನ್ನ ಮುಖ ನೋಡಿದರು. ನನ್ನ ಕೈ ಚಾಚಿಯೇ ಇತ್ತು.

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನು ನೋಡಿ ನನಗೆ ಧೈರ್ಯ ಬಂತು, ಅದೇ ತಪ್ಪಾಯಿತು. "ಹತ್ತೇ ನಿಮಿಷ ಅಪ್ಪಾ, ಅಲ್ಲಿ ಡಾಕ್ಟರು ಕಾಯ್ತಿದಾರೆ, ನಿಮ್ಮ ಕೈ ನೋಡೋಕೆ" ಅಂದುಬಿಟ್ಟೆ.

"ಕೈ ನೋಡೋಕೆ?"

"ನೀವು ನಡೆಯೋದು. ಅಕ್ಕ ಅದಕ್ಕೇ ನೋಡ್ತಿರೋದು."

"ಓಹೋ" ಅಂದರು. "ಅದಕ್ಕಾ."

ಫೋನನ್ನು ಜೇಬಿಗೆ ಹಾಕಿಕೊಂಡರು. ಹೊರಗೆ ಎರಡು ಬಸ್ಸು ಹೊರಡುವುದಿತ್ತು, ಗುಮಾಸ್ತ ಗಾಜು ಬಡಿಯುತ್ತಿದ್ದ. ನಾನು ಮೈಕು ಒತ್ತಿ ಕೂಗಿದೆ. ಎರಡು ಊರಿನ ಹೆಸರನ್ನು ಅದಲು ಬದಲು ಕೂಗಿದೆನಂತೆ, ಅರ್ಧ ಬಸ್ಸಿನ ಜನ ಇಳಿದು ಹತ್ತಿದರಂತೆ, ಬೈಸಿಕೊಂಡೆ. ಕೂಗಿ ತಿರುಗುವಷ್ಟರಲ್ಲಿ ಅಪ್ಪ ಇರಲಿಲ್ಲ. ಗಡಿಯಾರದಲ್ಲಿ ಆರೂ ನಲವತ್ತನಾಲ್ಕು.

ಅಂದಿನಿಂದ ಮಾತಿಲ್ಲ. ಸಂಜೆಯ ಸ್ನಾನವೂ ನಿಂತಿದೆ. ಶನಿವಾರ ಶೂಟಿಂಗಿಗೂ ಹೋಗಲಿಲ್ಲ.

ನನಗೆ ಹೆದರಿಕೆಯಾಗುತ್ತಿದೆ.

ತಂಗಿ


ಜುಲೈ 9

ಭೋಂಪು,

ಡಾಕ್ಟರು ಇಸ್ತ್ರಿ ಮೇಜಿನ ಪಕ್ಕದಲ್ಲಿ ಕೋಟು ಹಾಕಿಕೊಂಡೇ ನಿಂತಿದ್ದರು. ಹತ್ತು ನಿಮಿಷ ಇಬ್ಬರೂ ಆರು ಖಾಲಿ ಚೌಕಗಳನ್ನು ನೋಡಿದೆವು. ಅವಧಿ ಮುಗಿದಿದೆ ಎಂದು ಬಂದಾಗ ಅವರು ನನ್ನ ಭುಜ ತಟ್ಟಿ ಹೋದರು. ನನ್ನ ಮಧ್ಯಾಹ್ನದ ಮೊದಲ ರೋಗಿ ಕಾಯುತ್ತಿದ್ದ. ಅವನನ್ನು ನಡೆಸಿದೆ. "ಇವತ್ತು ನನ್ನನ್ನ ಯಾಕಿಷ್ಟು ಗಟ್ಟಿಯಾಗಿ ಹಿಡಿದಿದೀಯ" ಎಂದು ಕೇಳಿದ.

ಈ ಕಾಗದವನ್ನು ಅಪ್ಪನಿಗೆ ಕೊಡು. ಪ್ರಿಂಟು ತೆಗೆದು, ದೊಡ್ಡ ಅಕ್ಷರದಲ್ಲಿ.

ಅಪ್ಪಾ, ನಾನು ಸುಳ್ಳು ಹೇಳಿ ಬಂದವಳು. ಮೂರು ವರ್ಷ ಅಂದರೆ ನೀವು ಬೇಡ ಅನ್ನುತ್ತೀರಿ, ಅಮ್ಮ ತೀರಿಕೊಂಡ ವರ್ಷವೇ ನೀವು ಬೇಡ ಅಂದರೆ ನನಗೆ ಹೊಸಿಲು ದಾಟಲು ಆಗುವುದಿಲ್ಲ ಎಂದು ಆರು ತಿಂಗಳು ಅಂದೆ. ಅದಕ್ಕೆ ಸಮಜಾಯಿಷಿ ಇಲ್ಲ. ಗೈರುಹಾಜರು ಎಂದು ಬರೆದದ್ದು ಸರಿಯೇ.

ಇದೊಂದನ್ನು ಮಾತ್ರ ನಂಬಿ. ಮೊದಲನೆಯ ಸಲ ನೋಡಿದಾಗ ನಿಮ್ಮ ಕೈ ನನಗೆ ಕಾಣಲೇ ಇಲ್ಲ. ಮುಖ ನೋಡಿದೆ. ಎರಡನೆಯ ಸಲವೂ ಮುಖ. ಮೀಸೆ ಪೂರ್ತಿ ಬೆಳ್ಳಗಾಗಿದೆ, ಯಾರೂ ನನಗೆ ಹೇಳಿರಲಿಲ್ಲ. ಮೂರನೆಯ ಸಲ ಕಣ್ಣು ಮುಚ್ಚಿ ದನಿ ಕೇಳಿದೆ. ಏಳನೆಯ ಸಲಕ್ಕೆ ಕೈ ಕಂಡಿತು. ಹೊಟ್ಟೆಪಾಡಿನ ಕಣ್ಣು ಅದು, ಮುಚ್ಚಿಕೊಳ್ಳಲು ಬರುವುದಿಲ್ಲ.

ನನ್ನನ್ನು ಹಾಗೇ ಗೈರಿನಲ್ಲಿ ಇಡಿ. ನಾನು ಇನ್ನು ಕೋಡ್ ಕೇಳುವುದಿಲ್ಲ. ಡಾಕ್ಟರಿಗೆ ಕೈ ತೋರಿಸಿ.

ನೀವೇ ಅಡ್ಡಹೆಸರಿಟ್ಟ,

ಗಿರಗಿಟ್ಲೆ


ಜುಲೈ 22

ಅಕ್ಕನ ಸನ್ನಿಧಾನಕ್ಕೆ,

ನ್ಯಾಯಾಲಯ ಬಾಯಿ ಬಿಟ್ಟಿದೆ. ಕ್ರಮವಾಗಿ ಬರೆಯುತ್ತೇನೆ, ನೀನು ಕೂತೇ ಓದಬೇಕು, ಇದು ತಮಾಷೆಯಲ್ಲ.

ನಿನ್ನ ಕಾಗದವನ್ನು ಪದಬಂಧದ ಪುಟದೊಳಗೆ ಇಟ್ಟೆ. ನಾಲ್ಕನೆಯ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ, "ಇರುವೆ ಅಂದ್ಯಲ್ಲ ಅವತ್ತು, ನಾನು ನಂಬಿದೆ ಅಂದ್ಕೊಂಡ್ಯಾ?" ಅಂದರು.

ಬಾಯಲ್ಲಿ ನೊರೆ. ಇಲ್ಲ ಎಂದು ತಲೆಯಾಡಿಸಿದೆ.

ಅಕ್ಕಾ, ನಾವಿಬ್ಬರೂ ಜಾಣರಲ್ಲ. ನಾನು ಪ್ರತಿ ಸಂದೇಶ ಅಳಿಸಿದೆ, ಕುರುಹಿಲ್ಲ ಎಂದು ಬೀಗಿದೆ. ಆ್ಯಪ್‌ನಲ್ಲಿ ಪ್ರತಿ ಕಂತಿನ ಚಿತ್ರದ ಕೆಳಗೆ ಒಂದು ಕೆಂಪು ಗೆರೆ ಇರುತ್ತದೆ, ಎಲ್ಲಿಯವರೆಗೆ ನೋಡಿ ನಿಲ್ಲಿಸಿದೆವೋ ಅಲ್ಲಿಯವರೆಗೆ. ನೀನು ಅಲ್ಲಿ ನೋಡಿದರೆ ಗೆರೆ ಇಲ್ಲಿ ನಮ್ಮ ಟಿವಿಯಲ್ಲೂ ಮೂಡುತ್ತದೆ. ನೀನು ನೋಡಿದ ಮೊದಲನೆಯ ವಾರವೇ ಹಾಲಿನವನು ತನ್ನ ಹೆಸರು ಮತ್ತೆ ಕೇಳಿಸಿ ಎಂದು ಹಟ ಹಿಡಿದಾಗ ಅಪ್ಪ ಅದನ್ನು ತೆರೆದಿದ್ದರು. ನಾನು ಕೆಲಸದಲ್ಲಿದ್ದೆ. ತಾವು ಮುಟ್ಟದ ಕಂತಿಗೆ ಗೆರೆ. ಒತ್ತಿ ನೋಡಿದರು. ಗೆರೆ ನಿಂತಿದ್ದ ಜಾಗದಲ್ಲಿ ಅವರೇ, ತಿರುಗಿ ಹೋಗುತ್ತಿದ್ದರು. ಮುಂದಿನ ಕಂತಿನಲ್ಲೂ ಅವರು ಹೊರಟ ಕ್ಷಣಕ್ಕೇ ಗೆರೆ ನಿಂತಿತ್ತು. ಅದರ ಮುಂದಿನದರಲ್ಲೂ.

"ಕಥೆ ಬೇಕಾದೋರು ಅಲ್ಲಿಗೆ ನಿಲ್ಲಿಸಲ್ಲ" ಅಂದರು. "ಮೂವತ್ತೊಂದು ವರ್ಷ ದಾಖಲೆ ಹೊತ್ತವನು ನಾನು. ಅದು ದಾಖಲೆ."

ಅದಕ್ಕೇ ಸಂಜೆಯ ಸ್ನಾನ ಶುರುವಾದದ್ದು, ಪೆದ್ದಿ. ಫೋನನ್ನು ಫ್ರಿಜ್ಜಿನ ಮೇಲೆ ಇಟ್ಟು, ಒಳಗೆ ಹೋಗಿ, ಮುಚ್ಚಿದ ಬಾಗಿಲ ಹಿಂದೆ ಮಗ್ಗಿನಿಂದ ನೀರು ಚೆಲ್ಲುತ್ತ ಕೂರುತ್ತಿದ್ದರಂತೆ. ಎಷ್ಟೋ ದಿನ ಮೈಗೆ ನೀರೇ ಹಾಕಿಕೊಂಡಿಲ್ಲವಂತೆ. ಬಣ್ಣ ತೊಳೆಯಬೇಕೆಂಬ ಮಾತನ್ನು ಒಪ್ಪಿದ ಗುಪ್ತಚರ ಇಲಾಖೆಗೆ ನನ್ನ ರಾಜೀನಾಮೆ ಕಳಿಸಿದ್ದೇನೆ.

ಆದ್ದರಿಂದ ಗುರುವಾರ ಅವರಿಗೆ ನೋವಾದದ್ದು ಕೋಡಿನಿಂದಲ್ಲ. ಮಗಳು ತನ್ನನ್ನು ನೋಡಿದಳು ಎಂದು ಎರಡು ವಾರ ಒಳಗೊಳಗೇ ಇಟ್ಟುಕೊಂಡಿದ್ದರು. ನಾನು ಬಾಯಿ ಬಿಟ್ಟು ಅದನ್ನು ಕೈಯ ಪರೀಕ್ಷೆ ಮಾಡಿಬಿಟ್ಟೆ. ನಿನ್ನ ಏಳನೆಯ ಸಲದ ಲೆಕ್ಕವನ್ನು ಅವರು ಎಷ್ಟು ಸಲ ಓದಿದರೋ, ಆ ಹಾಳೆಯ ಮಡಿಕೆ ಹರಿಯಲು ಬಂದಿದೆ.

ಸೋಮವಾರ ನರರೋಗದ ಡಾಕ್ಟರ ಹತ್ತಿರ ಹೋದೆವು. ಉದ್ದದ ಪಡಸಾಲೆಯಲ್ಲಿ ನಡೆಸಿದರು, ಬೆರಳು ತಟ್ಟಿಸಿದರು, ಬರೆಸಿದರು. ಪಾರ್ಕಿನ್ಸನ್ ಅಂದರು. ನೀನು ಸರಿ. ತಪ್ಪಾಗಿದ್ದರೆ ಜನ್ಮವಿಡೀ ಆಡಿಕೊಳ್ಳುತ್ತಿದ್ದೆ, ಆ ಭಾಗ್ಯ ತಪ್ಪಿತು. ಇನ್ನೂ ಮೊದಲ ಹಂತವಂತೆ. "ಇಷ್ಟು ಬೇಗ ಯಾರು ಗುರುತಿಸಿದ್ದು?" ಎಂದು ಡಾಕ್ಟರು ಕೇಳಿದರು. ಅಪ್ಪ ತಾರಸಿ ನೋಡುತ್ತಿದ್ದರು. ಆಮೇಲೆ, "ದೊಡ್ಡ ಮಗಳು. ಹೊರಗಿದಾಳೆ" ಅಂದರು. ದೊಡ್ಡ ಮಗಳು. ನಾನು ಪಕ್ಕದಲ್ಲೇ ಇದ್ದೆ, ನನ್ನ ಎರಡೂ ಕಿವಿಯಿಂದ ಕೇಳಿದೆ.

ಮಾತ್ರೆ ಶುರುವಾಗಿದೆ. ದನಿ ಉಳಿಯಬೇಕಾದರೆ ದಿನಾ ಗಟ್ಟಿಯಾಗಿ ಕೂಗುವ ಅಭ್ಯಾಸ ಮಾಡಬೇಕಂತೆ. ಅಪ್ಪ ಡಾಕ್ಟರನ್ನು ಅನುಮಾನದಿಂದ ನೋಡಿ, "ಅದು ನನ್ನ ಕೆಲ್ಸಾನೇ" ಅಂದರು. ನಿರ್ದೇಶಕರಿಗೂ ಹೇಳಿದ್ದಾಯಿತು. ಕೈ ನಡುಗಿದರೂ ಪರವಾಗಿಲ್ಲ, ಬನ್ನಿ ಅಂದಿದ್ದಾರೆ. ನಿನ್ನೆ ಹೋಗಿ ಬಂದರು. ಏನು ಮಾಡಿದರೆಂದು ನನಗೆ ಹೇಳಲಿಲ್ಲ. ಇಪ್ಪತ್ತೇಳರಂದು ಬರುವ ಕಂತು ಎಂದಷ್ಟೇ ಹೇಳಿ, "ಅವಳ ಊಟದ ಹೊತ್ತು ಯಾವುದು?" ಎಂದು ಕೇಳಿದರು.

ಭೋಂಪು


ಜುಲೈ 28

ಸಾಕ್ಷಿಯವರಿಗೆ,

ನಿನ್ನೆಯ ಕಂತು ಇವತ್ತು ಆ್ಯಪ್‌ನಲ್ಲಿದೆ. ನೀನು ಕೋಡ್ ಕೇಳುವುದಿಲ್ಲ ಎಂದು ಬರೆದಿದ್ದಿ. ಭೋಂಪು ಹೇಳಿಕೊಟ್ಟಂತೆ ನಿನ್ನ ಊಟದ ಹೊತ್ತಿಗೆ ಲಾಗಿನ್ ಒತ್ತು. ನಾನು ಫೋನ್ ಹಿಡಿದುಕೊಂಡೇ ಕೂತಿರುತ್ತೇನೆ. ಕೋಡ್ ಬಂದ ತಕ್ಷಣ ನಾನೇ ಕಳಿಸುತ್ತೇನೆ. ಗುಂಡಿ ಒತ್ತಲು ನನಗೆ ಹೊತ್ತಾಗುತ್ತದೆ, ಗಾಬರಿಯಾಗಬೇಡ.

ಹದಿನೇಳನೆಯ ನಿಮಿಷ. ಆ ಹುಡುಗಿ ಕಟಕಟೆ ಹಿಡಿದು ಅಳುತ್ತಾಳೆ. ಅವಳನ್ನು ನೋಡಬೇಡ. ಹಿಂದೆ ಕೇಳಿಸಿಕೋ. ನನ್ನ ದನಿ ಸಣ್ಣದಾಗಿದೆ.

ಪೂರ್ತಿ ನೋಡು. ನಾನು ಹೊರಟ ತಕ್ಷಣ ನಿಲ್ಲಿಸಬೇಡ. ಬೇರೆಯವರೂ ಕಷ್ಟಪಟ್ಟು ನಟಿಸಿರುತ್ತಾರೆ.

ಅಪ್ಪ


ಜುಲೈ 28

ಅಪ್ಪಾ,

ಒತ್ತಿದೆ. ಮೊದಲ ಬಾಗಿಲು ಲಭ್ಯವಿಲ್ಲ ಅಂದಿತು. ಎರಡನೆಯದೂ ಅಂದಿತು. ಮೂರನೆಯದು ಕೋಡ್ ಕೇಳಿತು. ಐದು ಜನ ಹೆಂಗಸರು ನೆಲದ ಮೇಲೆ ಒತ್ತೊತ್ತಾಗಿ ಕೂತಿದ್ದರು. ನಾಲ್ಕು ನಿಮಿಷ ಏನೂ ಬರಲಿಲ್ಲ. ಆರು ನಿಮಿಷ. ಎಂಟನೆಯ ನಿಮಿಷಕ್ಕೆ ನಿಮ್ಮಿಂದ ಮೂರು ಅಂಕಿ ಬಂತು, ಆಮೇಲೆ ಒಂದು, ಆಮೇಲೆ ಎರಡು. ಅಡುಗೆಮನೆಯವಳು ಒಂದೊಂದಾಗಿ ಓದಿದಳು, ನಾನು ಹಾಕಿದೆ. ತೆರೆಯಿತು.

ಹದಿನೇಳನೆಯ ನಿಮಿಷ. ಹುಡುಗಿ ಅಳಲು ಶುರು ಮಾಡಿದಳು. ಯಾರೋ ಫ್ಯಾನು ಆರಿಸಿದರು. ಹಿಂದುಗಡೆ, ದೂರದಲ್ಲಿ, ಒಂದು ಹೆಸರು. ಹಾಲಿನವನದಲ್ಲ. ಬೀದಿಯ ಯಾರದೂ ಅಲ್ಲ. ಗಿರಗಿಟ್ಲೆ. ಕೋರ್ಟಿನಲ್ಲಿ ಅಂಥ ಹೆಸರನ್ನು ಅಷ್ಟು ಗಂಭೀರವಾಗಿ ಯಾರೂ ಕೂಗಿರಲಾರರು. ಪಕ್ಕದವಳು ನಕ್ಕು, ನನ್ನ ಮುಖ ನೋಡಿ, ಲ್ಯಾಪ್‌ಟಾಪಿನ ಸದ್ದು ಏರಿಸಿದಳು.

ಒಪ್ಪಂದ ಮುಗಿಯಲು ಏಳು ತಿಂಗಳು ಇದೆ. ಏಳೇ. ಈ ಸಲ ಒಪ್ಪಂದದ ಕಾಗದವನ್ನು ಇದರ ಜೊತೆಗೇ ಕಳಿಸಿದ್ದೇನೆ, ಓದಿಕೊಳ್ಳಿ. ಬಂದ ದಿನವೇ ನಿಮ್ಮನ್ನು ನಡೆಸಲು ಶುರು ಮಾಡುತ್ತೇನೆ, ಬೀದಿಯ ಈ ತುದಿಯಿಂದ ಆ ತುದಿ. ಬೇಡ ಅನ್ನುವ ಹಾಗಿಲ್ಲ.

ಮೂರನೆಯ ಕೂಗು ಬರಬಾರದು ಅಂತ ಇರುವವರಿಗೆ ಎಂದು ಹೇಳಿದ್ದಿರಂತೆ. ನಾನು ಮೊದಲನೆಯದಕ್ಕೇ ಎದ್ದು ನಿಂತಿದ್ದೆ. ಮೂರೂ ಕೇಳಬೇಕೆಂದು ಬಾಯಿ ಬಿಡಲಿಲ್ಲ.

ಪೂರ್ತಿ ನೋಡಲು ಹೇಳಿದ್ದಿರಿ, ಆಗಲಿಲ್ಲ. ಮೂರನೆಯ ಕೂಗು ಮುಗಿದ ಕೂಡಲೇ ನಿಲ್ಲಿಸಿದೆ. ಟಿವಿ ಹಾಕಿ ನೋಡಿ, ಗೆರೆ ಅಲ್ಲೇ ಇದೆ. ದಾಖಲೆ ಅದು. ಗುರುತು ಮಾಡಿಕೊಳ್ಳಿ.

ಹಾಜರ್,
ಗಿರಗಿಟ್ಲೆ